ಮಿರಜಿನ ಗಚ್ಚಿಯ ಮೇಲೆ ಕ್ರೀಟ್ ದ್ವೀಪ

ನನ್ನ ಮೊಬೈಲಿನಲ್ಲಿ ಎರಡು ಊರುಗಳ ಹವಾಮಾನ ಕಾಣುತ್ತದೆ. ಒಂದು ನಾನಿರುವ ಮಿರಜ. ಇನ್ನೊಂದು ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಕ್ರೀಟ್ ಎಂಬ ಗುಡ್ಡಗಾಡಿನ ದ್ವೀಪ. ಆ ದ್ವೀಪವನ್ನು ನಾನು ನೋಡಿಲ್ಲ. ನೋಡುವ ಆಸೆ ಇತ್ತು, ಈಗ ಮೊಣಕಾಲುಗಳು ಬೇಡ ಅನ್ನುತ್ತವೆ. ಆದರೂ ಬೆಳಿಗ್ಗೆ ಚಹಾ ಕುಡಿಯುವಾಗ ಅಲ್ಲಿ ಎಷ್ಟು ಬಿಸಿಲಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡದಿದ್ದರೆ ನನಗೆ ಚಹಾ ರುಚಿಸುವುದಿಲ್ಲ. ಮೊಮ್ಮಗಳಿಗೆ ಇದೊಂದು ತಮಾಷೆ. "ಆಜೀ, ತಿಕಡೇ ತುಝಂ ಕೋಣ ಆಹೇ?" ಎಂದು ಕೇಳುತ್ತಾಳೆ. ಅಲ್ಲಿ ನಿನ್ನವರು ಯಾರಿದ್ದಾರೆ ಎಂದು. ಯಾರೂ ಇಲ್ಲ ಮಗಾ ಅನ್ನುತ್ತೇನೆ. ಚಿಕ್ಕವಳಿದ್ದಾಗ ಆ ದ್ವೀಪದ ಹೆಸರಿನಲ್ಲಿ ನಾನೊಂದು ಸುಳ್ಳು ಹೇಳಿದೆ. ಅಂದಿನಿಂದ ಅಲ್ಲಿಯ ಖರೇ ಸುದ್ದಿ ಏನು ಎಂದು ತಿಳಿದುಕೊಳ್ಳುವ ಚಟ ಹತ್ತಿದೆ, ಬಿಟ್ಟಿಲ್ಲ.

ನಮ್ಮ ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಮುಂದೆ ಪಡಸಾಲೆ, ಅದರ ಮೂಲೆಯಲ್ಲಿ ಅಪ್ಪನ ಗಾದಿ, ಒಳಗೆ ದೇವರ ಕೋಣೆ, ಅದಕ್ಕೂ ಒಳಗೆ ಹಗಲಲ್ಲೂ ಕತ್ತಲಿರುವ ಅಡುಗೆಮನೆ. ಅಡುಗೆಮನೆಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಗಚ್ಚಿ. ಕೆಳಗಿನ ಮನೆ ಅಪ್ಪನದು, ಗಚ್ಚಿ ಆಯಿಯದು. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಅಪ್ಪ ಸಾಂಗಲಿಯ ಮಾರುಕಟ್ಟೆಯಲ್ಲಿ ಅರಿಶಿನದ ವ್ಯಾಪಾರ ಮಾಡುತ್ತಿದ್ದರು. ಬೆಳಿಗ್ಗೆ ರೊಟ್ಟಿ ಕಟ್ಟಿಸಿಕೊಂಡು ಹೋದರೆ ದೀಪ ಹಚ್ಚುವ ಹೊತ್ತಿಗೆ ಹಳದಿಯಾದ ಕಾಲರಿನೊಂದಿಗೆ ಬರುತ್ತಿದ್ದರು. ಅವ್ವ ಸಾತಾರೆಯ ಕಡೆಯವಳು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಜಗಳಕ್ಕೆ ಎರಡೂ. ಅವ್ವನಿಗೆ ಸಿಟ್ಟು ಬಂದರೆ ಮರಾಠಿಯೇ ಬರುತ್ತಿತ್ತು, ಆಯಿಗೆ ಆ ವೇಗದ ಮರಾಠಿ ತಿಳಿಯುತ್ತಿರಲಿಲ್ಲ. ಹೀಗಾಗಿ ನಮ್ಮ ಮನೆಯ ಅತ್ತೆ ಸೊಸೆ ಜಗಳಗಳು ಬೇಗ ಮುಗಿಯುತ್ತಿದ್ದವು.

ಗಚ್ಚಿಯ ಮೇಲೆ ವರ್ಷವಿಡೀ ಏನಾದರೊಂದು ಒಣಗುತ್ತಿತ್ತು. ಮೆಣಸಿನಕಾಯಿ, ಹುಣಸೆಹಣ್ಣು, ಶಾವಿಗೆ, ಸಂಡಿಗೆ, ಹಪ್ಪಳ. ಯಾವುದು ಯಾವಾಗ ಹರವಬೇಕು, ಯಾವಾಗ ಎತ್ತಬೇಕು ಎನ್ನುವುದರಲ್ಲಿ ಆಯಿಯ ಮಾತೇ ಕಡೆಯ ಮಾತು. ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋದ ಮೇಲೆ ಅವಳ ರಾಜ್ಯಭಾರ ಶುರು. ಹೋಳಿ ಹುಣ್ಣಿಮೆಯಿಂದ ಯುಗಾದಿಯವರೆಗಿನ ಬಿಸಿಲು ನಂಬುವಂಥದ್ದು, ಯುಗಾದಿಯ ಮೇಲಿನದು ನಂಬಬಾರದ್ದು. ಆಗ ಮಧ್ಯಾಹ್ನದವರೆಗೆ ಸುಡುವ ಆಕಾಶ ಸಂಜೆಗೆ ಮುಖ ಕೆಡಿಸಿಕೊಳ್ಳುತ್ತದೆ, ಧೂಳೆಬ್ಬಿಸಿ ಅಡ್ಡಮಳೆ ಬರುತ್ತದೆ. ಮುಂಗಾರು ಶುರುವಾಗಿ ಮಿರಗದ ಮಳೆ ಬಂದ ಮೇಲೆ ಗಚ್ಚಿಗೆ ರಜೆ. ಶ್ರಾವಣದಲ್ಲಿ ನಮ್ಮಲ್ಲಿ ಬರೀ ಜಿಟಿಜಿಟಿ ಬಿದ್ದರೂ ಹರಿಪುರದ ಸಂಗಮದಲ್ಲಿ ನೀರು ಏರುತ್ತಿತ್ತು, ಏಕೆಂದರೆ ಮಳೆ ಬೀಳುವುದು ಪಶ್ಚಿಮದ ಘಟ್ಟದಲ್ಲಿ, ಹೊಳೆ ಬರುವುದು ನಮ್ಮಲ್ಲಿಗೆ. ಇದನ್ನೆಲ್ಲ ಆಯಿ ಯಾವ ಪಂಚಾಂಗವನ್ನೂ ನೋಡದೆ ಹೇಳುತ್ತಿದ್ದಳು. ಅವಳು ಹೆಚ್ಚು ನಂಬುತ್ತಿದ್ದದ್ದು ಒಲೆಯ ಹತ್ತಿರದ ಉಪ್ಪಿನ ಗಡಿಗೆಯನ್ನು. ಉಪ್ಪು ಬೆವತರೆ ಮಳೆ ಹತ್ತಿರ ಇದೆ ಎಂದು ಲೆಕ್ಕ.

ನಾನು ಮರಾಠಿ ಶಾಲೆಗೆ ಹೋಗುತ್ತಿದ್ದೆ. ಕನ್ನಡ ಅಕ್ಷರ ಕಲಿಸಿದವರು ಅಜ್ಜ. ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಅವರು ತೀರಿಕೊಂಡರು, ನನ್ನ ಕನ್ನಡ ಅಲ್ಲಿಗೇ ನಿಂತಿತು. ಅವರು ಬಿಟ್ಟುಹೋದ ಸಾಮಾನಿನಲ್ಲಿ ರಟ್ಟು ಕಿತ್ತುಹೋದ ಒಂದು ಕನ್ನಡ ಭೂಗೋಳದ ಪುಸ್ತಕವಿತ್ತು. ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಅವ್ವನಿಗೆ ಬರುತ್ತಿದ್ದದ್ದು ಮರಾಠಿ ಅಕ್ಷರ. ಅಪ್ಪನಿಗೆ ಕನ್ನಡ ಓದಲು ಬರುತ್ತಿತ್ತು, ಪುರುಸೊತ್ತು ಬರುತ್ತಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅನ್ನುವಂತೆ ಒಂಬತ್ತನೇ ವಯಸ್ಸಿಗೆ ನಾನು ಆ ಮನೆಯ ಪಂಡಿತಳಾದೆ. ದಿನಾ ಸಂಜೆ ಆಯಿ ಜೋಳ ಹಸನು ಮಾಡುತ್ತ ಕೂತಾಗ ನಾನು ಪುಸ್ತಕ ತೆಗೆದು ಎದುರಿಗೆ ಕೂರುತ್ತಿದ್ದೆ. ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಕ್ರೀಟ್ ದ್ವೀಪದ ಪಾಠ, ಏಕೆಂದರೆ ಅದರಲ್ಲಿ ಬರೀ ಬಿಸಿಲು, ಮಳೆ, ಗಾಳಿಯ ಮಾತಿತ್ತು.

"ಅಲ್ಲಿ ಮಳಿ ಚಳಿಗಾಲದಾಗ ಬರ್ತೈತಂತ ಆಯಿ. ಬ್ಯಾಸಗ್ಯಾಗ ಒಂದ್ ಹನಿನೂ ಇಲ್ಲಂತ."

"ಅಯ್ಯ, ಮತ್ತ ಬಿತ್ತೂದು ಯಾವಾಗ?"

"ಮಳಿ ಶುರುವಾದಾಗ ಬಿತ್ತತಾರ, ಬ್ಯಾಸಗಿ ಬಂದಾಗ ಕೊಯ್ತಾರ."

"ಹಂಗಾರ ನಮ್ಮ ಹಿಂಗಾರಿ ಇದ್ದಂಗ ಆತು. ಮುಂದ ಓದು."

ದ್ವೀಪದ ಉದ್ದಕ್ಕೂ ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಹಿಮ ಬಿದ್ದಿರುವಾಗಲೇ ಕೆಳಗೆ ಕಿತ್ತಳೆ ಹಣ್ಣಾಗಿರುತ್ತದೆ. ಗುಡ್ಡದ ಒಂದು ಮಗ್ಗುಲಿಗೆ ಮಳೆ ಜೋರು, ಇನ್ನೊಂದು ಮಗ್ಗುಲು ಒಣ. ಇದನ್ನು ಕೇಳಿ ಆಯಿ ಜೋಳದ ಮೊರ ಕೆಳಗಿಟ್ಟಳು. ನಮ್ಮ ಘಟ್ಟವೂ ಹೀಗೇ ಮಾಡುವುದಲ್ಲವೇ, ಮಳೆಯನ್ನೆಲ್ಲ ತಾನೇ ಕುಡಿದು ನಮಗೆ ಕೈತೊಳೆದ ನೀರು ಕೊಡುತ್ತದೆ ಎಂದಳು. ಬೇಸಿಗೆಯಲ್ಲಿ ಅಲ್ಲಿ ಉತ್ತರದಿಂದ ಒಣ ಗಾಳಿ ದಿನಗಟ್ಟಲೆ ಬೀಸುತ್ತದೆ, ಒಮ್ಮೊಮ್ಮೆ ದಕ್ಷಿಣದಿಂದ, ಸಮುದ್ರದಾಚೆಯ ಮರುಭೂಮಿಯ ಕೆಂಪು ಧೂಳು ಹೊತ್ತ ಗಾಳಿ ಬರುತ್ತದೆ. ಆಮೇಲಾಮೇಲೆ ಆ ದ್ವೀಪ ನಮ್ಮ ಮನೆಯ ಬಳಗದಂತಾಯಿತು. ಮಧ್ಯಾಹ್ನ ಬಿಸಿಗಾಳಿ ಬಿಟ್ಟರೆ ಆಯಿ, ಇವತ್ತು ಶೈಲಾನ ದ್ವೀಪದ ಗಾಳಿ ಬಂದಿದೆ ಅನ್ನುತ್ತಿದ್ದಳು. ಆ ಮಾತಿನಲ್ಲಿ ನನ್ನ ಹೆಸರು ಕೇಳಿ ನನಗೆ ಎಷ್ಟು ಹೆಮ್ಮೆಯಾಗುತ್ತಿತ್ತೆಂದರೆ, ಓದಲು ಬಾರದ ಸಾಲು ಬಂದಾಗ ಬರುವುದಿಲ್ಲ ಎಂದು ಹೇಳಲು ಬಾಯಿಯೇ ಬರುತ್ತಿರಲಿಲ್ಲ. ಒತ್ತಕ್ಷರ ಒತ್ತಾಗಿ ಬಂದ ಕಡೆ ನಾನೇ ಸಾಲು ಹೊಸೆದು ಸೇರಿಸುತ್ತಿದ್ದೆ. ಒಮ್ಮೆ ಅಲ್ಲಿಯ ಜನ ಹಬ್ಬಕ್ಕೆ ನಮ್ಮ ಹಾಗೇ ಗೋಧಿ ಬೆಲ್ಲದ ಮಾದ್ಲಿ ಮಾಡಿ ಹಾಲು ಹಾಕಿಕೊಂಡು ಉಣ್ಣುತ್ತಾರೆ ಎಂದೂ ಓದಿದೆ. ಆಯಿಗೆ ಬಹಳ ಸಂತೋಷವಾಯಿತು.

ಆ ವರ್ಷ ಗಂಗಾ ಆತ್ಯಾ ನಮ್ಮ ಮನೆಯಲ್ಲಿದ್ದಳು. ಆತ್ಯಾ ಅಪ್ಪನ ತಂಗಿ, ಆಯಿಯಂತೆ ಅವಳಿಗೂ ಅಕ್ಷರ ಬರುತ್ತಿರಲಿಲ್ಲ. ಮ್ಹೈಸಾಳಕ್ಕೆ ಕೊಟ್ಟಿದ್ದರು. ಗಂಡ ಕಾಯಿಲೆಯಿಂದ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ದಸರೆಗೆಂದು ಬಂದವಳು ತಿರುಗಿ ಹೋಗಿರಲಿಲ್ಲ. ಗಂಡನ ಮನೆಯವರು ಕೆಟ್ಟವರೇನಲ್ಲ. ಅಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಳು, ಗಂಡನ ಅಣ್ಣನ, ಅಂದರೆ ಭಾವನ, ಸಣ್ಣ ಮಕ್ಕಳಿದ್ದವು, ಅವರಿಗೆ ಒಂದು ಜೋಡಿ ಕೈ ಬೇಕಾಗಿತ್ತು. ಬಸವ ಜಯಂತಿ ಆದ ಮೇಲೆ ಭಾವ ಬಂದು ಕರೆದುಕೊಂಡು ಹೋಗಲಿ ಎಂದು ಅಪ್ಪ ಮಾತು ಕೊಟ್ಟುಬಿಟ್ಟಿದ್ದರು. ಆತ್ಯಾ ಅತ್ತು ಕರೆದು ಮಾಡುವವಳಲ್ಲ. ರೊಟ್ಟಿ ಬಡಿಯುತ್ತ ಒಮ್ಮೆ ಆಯಿಗೆ ಹೇಳಿದ್ದನ್ನು ನಾನು ಕೇಳಿದ್ದೆ.

"ಅಲ್ಲಿ ನನಗ ಕೆಲಸ ಬೇಕಾದಷ್ಟ ಐತಿ ಯವ್ವಾ. ನಂದು ಅನ್ನೂ ಕೆಲಸ ಒಂದೂ ಇಲ್ಲ."

ಊರ ಹೊರಗೆ ಪಾಟೀಲ ಕಾಕಾ ಎಂಬ ಜೈನರದೊಂದು ದ್ರಾಕ್ಷಿ ತೋಟವಿತ್ತು. ಸಣ್ಣ ಕಾಳಿನ, ಗೊಂಚಲಿನಿಂದ ಉದುರಿದ ಹಣ್ಣು ಪೇಟೆಗೆ ಹೋಗುತ್ತಿರಲಿಲ್ಲ. ಅದನ್ನು ಒಣಗಿಸಿ ಬೇದಾಣೆ ಮಾಡಿಕೊಟ್ಟರೆ ಮುಂದೆ ಪ್ರತಿವರ್ಷ ಆ ಕೆಲಸ ನಿನ್ನದೇ ಎಂದು ಅವರು ಆತ್ಯಾಳಿಗೆ ಹೇಳಿದ್ದರು. ಆಗ ನಮ್ಮ ಓಣಿಯಲ್ಲಿ ಒಣದ್ರಾಕ್ಷಿ ತಿಂದವರಿದ್ದರು, ಮಾಡಿದವರಿರಲಿಲ್ಲ. ಆತ್ಯಾ ಅಪ್ಪನ ಊಟ ಮುಗಿಯುವ ತನಕ ಕಾದು ಮಾತು ತೆಗೆದಳು.

"ಅಣ್ಣಾ, ಒಂದ ಸಲ ನೋಡೂಣು. ಚಲೋ ಆದ್ರ ನಾ ಇಲ್ಲೇ ಇರ್ತೀನಿ, ಈ ಕೆಲಸಾ ಮಾಡ್ಕೋತ. ಕೆಟ್ರ ನೀ ಹೇಳಿದಾಂಗ ಮ್ಹೈಸಾಳಕ್ಕ ಹೋಗ್ತೀನಿ. ಮತ್ತ ಬಾಯಿ ತಗ್ಯಾಂಗಿಲ್ಲ."

ಅಪ್ಪ ಬಹಳ ಹೊತ್ತು ಕೈ ಒರೆಸಿಕೊಂಡರು.

"ಆತು," ಅಂದರು. "ಬಸವ ಜಯಂತಿ ತನಕ."

ಹಣ್ಣನ್ನು ಹಾಗೇ ಬಿಸಿಲಿಗೆ ಹಾಕಿದರೆ ಮೂರು ವಾರ ಬೇಕು, ಬಣ್ಣವೂ ಕಪ್ಪಾಗುತ್ತದೆ. ಆದರೆ ನನ್ನ ದ್ವೀಪದವರಿಗೆ ಬೇರೆ ದಾರಿ ಗೊತ್ತಿತ್ತು. ಬೂದಿಯನ್ನು ನೀರಲ್ಲಿ ಕದಡಿ ತಿಳಿ ತೆಗೆದು, ಅದಕ್ಕೆ ಎಣ್ಣೆ ಬೆರೆಸಿ, ದ್ರಾಕ್ಷಿಯನ್ನು ಅದರಲ್ಲಿ ಅದ್ದಿ ತೆಗೆದು ಒಣಹಾಕುವರು, ಎಂಟು ದಿನಕ್ಕೆ ಹೊಂಬಣ್ಣದ ಒಣಹಣ್ಣಾಗುವುದು ಎಂದು ಪುಸ್ತಕದಲ್ಲಿತ್ತು. ಇಷ್ಟನ್ನು ನಾನು ಸರಿಯಾಗಿಯೇ ಓದಿದ್ದೆ. ಆತ್ಯಾ ಕಣ್ಣರಳಿಸಿ ಕೇಳಿದಳು. ಆಯಿ ಮಾತ್ರ ಒಪ್ಪಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮಾಡಿ ಹಣೆಗೆ ಹಚ್ಚುವ ಬೂದಿಯನ್ನು ಹಣ್ಣು ತೊಳೆಯಲು ಹಾಕುವುದೇ ಎಂದು ಎರಡು ದಿನ ಮುನಿಸಿಕೊಂಡಳು. ಮೂರನೆಯ ದಿನ ತಾನೇ ಒಲೆಯ ಬೂದಿ ಸೋಸಲು ಕೂತು, ಮೊದಲ ಮೂರು ಬೆರಳಿನಷ್ಟನ್ನು ದೇವರ ಕೋಣೆಗೆ ಒಯ್ದು ಇಟ್ಟು ಬಂದು, ಉಳಿದದ್ದನ್ನು ಮಗಳ ಮುಂದೆ ಸರಿಸಿದಳು. ಎಣ್ಣೆ ಶೇಂಗಾದ್ದು. ಹದ ಮಾಡಲು ಎರಡು ಮಧ್ಯಾಹ್ನ ಹಿಡಿದವು. ಆಗಲೇ ಯುಗಾದಿ ದಾಟಿತ್ತು, ಹರವುವ ಹಿಂದಿನ ಸಂಜೆ ಆಯಿ ನನ್ನನ್ನು ಕರೆದಳು.

"ಶೈಲಾ, ಸಂಜೀಕ ಹಣ್ಣ ಮುಚ್ಚತಾರೇನ ಅವ್ರು, ನೋಡು."

ಪುಟ ತಿರುವಿದೆ. ಮುಂದಿನ ನಾಲ್ಕು ಸಾಲು ಸಣ್ಣ ಅಕ್ಷರದಲ್ಲಿದ್ದವು, ಒಂದರ ಕಾಲಿಗೊಂದು ಅಕ್ಷರ ಜೋತುಬಿದ್ದಿತ್ತು. ಮೊದಲ ಪದವೇ ಬಿಡಿಸಲು ಬರಲಿಲ್ಲ. ಆಯಿ, ಆತ್ಯಾ ಇಬ್ಬರೂ ನನ್ನ ಬಾಯಿ ನೋಡುತ್ತ ಕೂತಿದ್ದರು.

"ಮುಚ್ಚಾಂಗಿಲ್ಲಂತ," ಅಂದೆ. "ಎಂಟು ದಿನಾ ಮುಟ್ಟಬಾರದಂತ. ಮುಚ್ಚಿದ್ರ ಒಳಗ ಬೆವತು ಬಣ್ಣಾ ಕೆಡ್ತೈತಂತ."

ಬರೀ ಮುಚ್ಚುವುದಿಲ್ಲ ಎಂದಿದ್ದರೆ ಆಯಿ ನಂಬುತ್ತಿರಲಿಲ್ಲವೇನೋ. ಕಾರಣ ಸೇರಿಸಿದ್ದರಿಂದ ನಂಬಿದಳು. ಹೌದು, ಬೆವತರೆ ಕೆಡುವುದೇ ಎಂದು ತಲೆಯಾಡಿಸಿದಳು. ಗಚ್ಚಿಯ ಮೇಲಿದ್ದ ತಾಡಪತ್ರಿಯನ್ನು ಅಪ್ಪ ಮರುದಿನ ಅರಿಶಿನದ ಚೀಲ ಮುಚ್ಚಲೆಂದು ಸಾಂಗಲಿಗೆ ಒಯ್ದರು. ಯಾರೂ ಬೇಡ ಅನ್ನಲಿಲ್ಲ.

ಮೊದಲ ನಾಲ್ಕು ದಿನ ನಮ್ಮ ಮನೆಯಲ್ಲಿ ಹಬ್ಬ. ಹಸಿರಿದ್ದ ಹಣ್ಣು ಎರಡನೇ ದಿನ ಹಳದಿಯಾಯಿತು, ನಾಲ್ಕನೇ ದಿನ ಜೇನಿನ ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟತೊಡಗಿತು. ಆತ್ಯಾ ದಿನಕ್ಕೆ ಹತ್ತು ಸಲ ಮೇಲೆ ಹೋಗಿ ಬರುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಹಾಡು ಗುನುಗಿದ್ದನ್ನು ಕೇಳಿ ಅವ್ವ ನನ್ನ ಕೈ ಹಿಸುಕಿ ನಕ್ಕಳು. ಐದನೇ ದಿನ ಬೆಳಿಗ್ಗೆ ಆಯಿ ಪಲ್ಯಕ್ಕೆ ಉಪ್ಪು ತೆಗೆಯಲು ಹೋದವಳು ಗಡಿಗೆಯಲ್ಲಿ ಕೈಯಿಟ್ಟುಕೊಂಡೇ ನಿಂತಳು.

"ಗಂಗಾ, ಉಪ್ಪು ಬೆವತೈತಿ. ಸೀರಿ, ಚಾದರ ಏನರೆ ಹೊಚ್ಚೂಣು ನಡಿ."

"ಪುಸ್ತಕದಾಗ ಬ್ಯಾಡ ಅಂದೈತಲ್ಲ ಯವ್ವಾ," ಅಂದಳು ಆತ್ಯಾ. "ಇನ್ನ ಮೂರ ದಿನಾ. ಈಗ ಬಣ್ಣಾ ಕೆಟ್ರ ಎಲ್ಲಾ ಹೋಗ್ತೈತಿ."

ಇಬ್ಬರೂ ನನ್ನ ಕಡೆ ನೋಡಿದರು.

"ಖರೇನ ಶೈಲಾ?" ಎಂದು ಕೇಳಿದಳು ಆಯಿ.

"ಹೂಂ," ಅಂದೆ.

ಆಗಲೂ ಹೇಳಬಹುದಿತ್ತು. ಬಾಯಲ್ಲಿ ರೊಟ್ಟಿಯಿತ್ತು, ಅದನ್ನು ನುಂಗುವಷ್ಟು ಹೊತ್ತು ನನಗೆ ಸಿಕ್ಕಿತ್ತು. ಎಪ್ಪತ್ತು ವರ್ಷ ಆಕಾಶ ನೋಡಿದ ಮುದುಕಿ ನನ್ನ ಹೂಂಗೆ ತಲೆಬಾಗಿ ಗಡಿಗೆಯ ಮುಚ್ಚಳ ಹಾಕಿದಳು. ಅವಳ ಬದುಕಿನಲ್ಲಿ ಉಪ್ಪಿನ ಮಾತು ಕೇಳದೆ ಹೋದದ್ದು ಅದೊಂದೇ ಸಲ.

ನಾಲ್ಕು ಗಂಟೆಗೆ ಗಾಳಿ ನಿಂತಿತು. ಆಮೇಲೆ ಓಣಿಯ ಧೂಳೆಲ್ಲ ಎದ್ದಿತು. ನಾವು ನಾಲ್ವರೂ ಮೆಟ್ಟಿಲು ಹತ್ತುವಷ್ಟರಲ್ಲಿ ಮೊದಲ ಹನಿಗಳು ಬಿದ್ದವು, ಒಂದೊಂದು ಹನಿಯೂ ರೂಪಾಯಿಯಷ್ಟು ಅಗಲ. ಅವ್ವ ಒಣಹಾಕಿದ್ದ ಸೀರೆ ಎಳೆದು ಹೊದಿಸಿದಳು, ಆಯಿ ತನ್ನ ಕಂಬಳಿ ತಂದಳು, ಆತ್ಯಾ ಬರಿಗೈಯಿಂದ ಹಣ್ಣು ಗೋರಿ ಬುಟ್ಟಿಗೆ ತುಂಬತೊಡಗಿದಳು. ಸೀರೆ ತೋಯ್ದು ಹಣ್ಣಿಗೇ ಅಂಟಿತು. ಅರ್ಧ ಗಂಟೆಯಲ್ಲಿ ಮಳೆ ನಿಂತು ಬಿಸಿಲೂ ಬಂತು. ಗಚ್ಚಿಯ ಮಳೆನೀರಿನ ದೋಣಿಯಿಂದ ಕಂದು ಬಣ್ಣದ ಧಾರೆ ಹಿತ್ತಲಿಗೆ ಸುರಿಯುತ್ತಿತ್ತು. ಮರುದಿನ ಹಣ್ಣು ಹುಳಿ ನಾತ ಹೊಡೆಯಿತು, ಮೂರನೇ ದಿನ ಬೂಸಲು ಬಂತು. ಅವ್ವ ಮಾತ್ರ ಒಂದು ಮೊರದಷ್ಟು ಆರಿಸಿ ತೆಗೆದು ಯಾರಿಗೂ ಹೇಳದೆ ಮಂಚದ ಕೆಳಗೆ ಆರಲು ಇಟ್ಟಿದ್ದಳು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬೀಗರಿಗೆ ಹೇಳಿ ಕಳಸ್ತೀನಿ," ಅಂದರು.

"ಹೂಂ. ತಪ್ಪು ನಂದ," ಅಂದಳು ಆತ್ಯಾ.

"ಅಕೀದಲ್ಲ, ನಂದು," ಅಂದಳು ಆಯಿ. "ಉಪ್ಪು ಹೇಳಿತ್ತು. ನಾ ಕೇಳಲಿಲ್ಲ."

ತಾಯಿ ಮಗಳು ಇಬ್ಬರೂ ತಪ್ಪನ್ನು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರೆ ನಾನು ಕಂಬದ ಹಿಂದೆ ನಿಂತು ಕೇಳುತ್ತಿದ್ದೆ. ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಬಿಸಿಲು ಬಡಿದಿದೆ ಎಂದು ಆಯಿ ನನಗೇ ಈರುಳ್ಳಿ ಜಜ್ಜಿ ಅಂಗಾಲಿಗೆ ತಿಕ್ಕಿದಳು. ಅವಳ ಕೈ ಕಾಲಿಗೆ ತಾಗಿದಾಗಲೆಲ್ಲ ನನಗೆ ನಾಚಿಕೆಯಿಂದ ಸಾಯಬೇಕು ಅನ್ನಿಸುತ್ತಿತ್ತು. ನನ್ನ ಬದುಕಿನಲ್ಲಿ ನಾಚಿಕೆ ಎಂದರೆ ಏನೆಂದು ಮೊದಲು ತಿಳಿದದ್ದು ಆಗ, ಈರುಳ್ಳಿಯ ವಾಸನೆಯ ಜೊತೆಗೆ.

ಮ್ಹೈಸಾಳದ ಭಾವ ಬಂದರು. ಎತ್ತರದ, ಮೆತ್ತಗೆ ಮಾತಾಡುವ ಮನುಷ್ಯ. ಹೊಳೆದಂಡೆಯ ಕಬ್ಬಿನ ಗಣಿಕೆ ಕಟ್ಟಿಕೊಂಡು ಬಂದಿದ್ದರು, ನನಗೆಂದು. ಅವ್ವ ಹೋಳಿಗೆ ಮಾಡಿದ್ದಳು. ಅಪ್ಪ ಅಂದು ಮಾರುಕಟ್ಟೆಗೆ ಹೋಗಿರಲಿಲ್ಲ. ಪಡಸಾಲೆಯಲ್ಲಿ ಆತ್ಯಾಳ ಟ್ರಂಕು ಹೊರಗೆ ಬಂದು ಕೂತಿತ್ತು. ಊಟಕ್ಕೆ ಕೂತಾಗ ಭಾವ ಸುಮ್ಮನೆ ಮಾತಿಗೆ ಮಾತು ಎಂದು, ದ್ರಾಕ್ಷಿ ಏನಾಯಿತು ಎಂದು ಕೇಳಿದರು. ಆತ್ಯಾ ಬಡಿಸುತ್ತಿದ್ದ ಕೈ ನಿಲ್ಲಿಸದೆ, ನನಗೆ ತಿಳಿಯಲಿಲ್ಲ, ಕೆಡಿಸಿದೆ ಎಂದಳು. ನನಗೆ ತಡೆದುಕೊಳ್ಳಲಾಗಲಿಲ್ಲ.

"ಆತ್ಯಾ ಕೆಡಸಿಲ್ಲ," ಅಂದೆ. "ಪುಸ್ತಕದಾಗ ಹಂಗ ಇಲ್ಲ. ಆ ಸಾಲು ನನಗ ಓದಾಕ ಬರಲಿಲ್ಲ. ನಾನ ಹುಟ್ಟಿಸಿ ಹೇಳೇನಿ."

ಅವ್ವನ ಕೈ ಮೇಲೆದ್ದಿತು. ಆಯಿ ಅದನ್ನು ಹಿಡಿದಳು. ಅಪ್ಪ ಎಂಜಲು ಕೈ ತೊಳೆದು ಬಂದು, ಪುಸ್ತಕ ತಾ ಎಂದರು. ಕನ್ನಡಕ ಹಾಕಿ, ಪುಟ ಹುಡುಕಿ, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. ಅವರು ಕನ್ನಡ ಓದಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರೂ ತಡವರಿಸುತ್ತಿದ್ದರು, ಆದರೆ ತಡವರಿಸಿದ ಕಡೆ ನಿಂತು, ಮತ್ತೆ ಹಿಂದಿನಿಂದ ಕೂಡಿಸಿ ಓದುತ್ತಿದ್ದರು. "ಬೇಸಿಗೆಯ ಕೊನೆಗೆ ಗುಡ್ಡದ ಕಡೆಯಿಂದ ಒಮ್ಮೊಮ್ಮೆ ಅಕಾಲದ ಮಳೆ ಬರುವುದುಂಟು. ಆದ್ದರಿಂದ ಸೂರ್ಯಾಸ್ತಕ್ಕೆ ಮುಂಚೆ ಹಣ್ಣುಗಳನ್ನು ತಪ್ಪದೆ ದಪ್ಪ ಬಟ್ಟೆಯಿಂದ ಮುಚ್ಚುವರು. ಮೋಡ ಕಂಡರೆ ಹಗಲಲ್ಲಿಯೂ ಮುಚ್ಚುವರು." ಆಯಿ ನನ್ನ ಕಡೆ ತಿರುಗಿದಳು.

"ಹಂಗಾರ ಆ ಮಾದ್ಲಿ?"

"ಅದೂ ಇಲ್ಲ ಆಯಿ."

ಅವಳು ನಿಧಾನವಾಗಿ ಕೂತಳು. ದ್ರಾಕ್ಷಿ ಕೆಟ್ಟದ್ದಕ್ಕಿಂತ ಆ ಮಾದ್ಲಿ ಹೋದದ್ದು ಅವಳಿಗೆ ಹೆಚ್ಚು ನೋವಾಯಿತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಅವ್ವ ಮಂಚದ ಕೆಳಗಿನ ಮೊರವನ್ನು ತಂದು ಅಪ್ಪನ ಮುಂದೆ ಸರಿಸಿದಳು, ಅವಳು ಆರಿಸಿಟ್ಟಿದ್ದ ಹಣ್ಣು ಹೊಂಬಣ್ಣಕ್ಕೆ ಒಣಗಿತ್ತು. ಅಪ್ಪ ಪುಸ್ತಕ ಮುಚ್ಚಿ ಕನ್ನಡಕ ತೆಗೆದರು.

"ಬೀಗರ, ನಮ್ಮ ಗಂಗಾನ ಕೈಯಾಗ ತಪ್ಪಿಲ್ಲ. ಅಕ್ಷರಾ ಬರೂ ಮನಶ್ಯಾ ಮನ್ಯಾಗ ಕುಂತಿದ್ದೆ, ಅಕೀ ಕೂಸಿನ ಕೈಲಿ ಓದಿಸಿದ್ಲು. ಪಾಟೀಲರ ತ್ವಾಟದಾಗ ಇನ್ನೂ ಹಣ್ಣದಾವ. ಅಕೀ ಮತ್ತೊಮ್ಮಿ ಮಾಡಿ ನೋಡ್ಲಿ. ನೀವು ಸಿಟ್ಟ ಆಗಬ್ಯಾಡ್ರಿ."

ಭಾವ ತಾಟಿನ ಹೋಳಿಗೆ ಮುರಿದರು.

"ನನಗೂ ಮನ್ಯಾಗ ತ್ರಾಸ ಐತ್ರಿ," ಅಂದರು. "ಆದ್ರ ಮನಸಿಲ್ಲದವರ್ನ ಕರಕೊಂಡ ಹೋಗಿ ಏನ ಮಾಡ್ಲಿ. ಆತು, ಇರ್ಲಿ."

ಆ ವರ್ಷದ ಕಡೆಯ ಹಣ್ಣು ಮಿರಗದ ಮಳೆಗೆ ಮುಂಚೆ ಒಣಗಿತು. ಪ್ರತಿ ಸಂಜೆ ಅದಕ್ಕೆ ತಾಡಪತ್ರಿ ಬಿತ್ತು. ಆತ್ಯಾ ಮ್ಹೈಸಾಳಕ್ಕೆ ಹೋದದ್ದು ಅತ್ತೆಯ ಕಾಯಿಲೆ ಜೋರಾದಾಗ ತಿಂಗಳೊಪ್ಪತ್ತು ನೋಡಿಕೊಳ್ಳಲು, ತಾನಾಗಿ, ತಿರುಗಿ ಬರುವ ಬಸ್ಸಿನ ಹೊತ್ತು ಕೇಳಿಕೊಂಡು. ಮುಂದೆ ಅವಳ ಕೈಕೆಳಗೆ ನಮ್ಮ ಓಣಿಯ ಆರೇಳು ಹೆಂಗಸರು ಕೆಲಸ ಮಾಡಿದರು. ಅದೆಲ್ಲ ಆಮೇಲಿನ ಮಾತು. ಭಾವ ಹೊರಟುಹೋದ ಆ ಮಧ್ಯಾಹ್ನ ಟ್ರಂಕು ಇನ್ನೂ ಪಡಸಾಲೆಯಲ್ಲೇ ಇತ್ತು, ನಾನು ಅದರ ಪಕ್ಕ ಗೋಡೆಗೆ ಮುಖ ಮಾಡಿ ಕೂತಿದ್ದೆ. ಆತ್ಯಾ ನನ್ನ ಪಾಟಿ ಚೀಲದಿಂದ ಪಾಟಿ ಎಳೆದುಕೊಂಡು ಬಂದು ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿ ಎಂದು ಆಸೆಯೂ ಇತ್ತು.

"ಇನ್ನ ಮ್ಯಾಲೆ ನಿನ್ನ ಓದು ನಾ ನಂಬಾಂಗಿಲ್ಲ," ಅಂದಳು, ಬಳಪವನ್ನು ನನ್ನ ಕೈಗೆ ತುರುಕುತ್ತ. "ನನಗ ಕಲಸು."

ನಾನು ಬಿಕ್ಕುತ್ತ, ಪಾಟಿಯ ತುಂಬ ಒಂದು ಅ ಬರೆದೆ. ಆತ್ಯಾ ಅದರ ಮೇಲೆ ಕೈಯಾಡಿಸಿ, ಪಕ್ಕದಲ್ಲಿ ತಾನೊಂದು ಬರೆದಳು. ಅವಳದೇ ಹೆಚ್ಚು ದುಂಡಗಿತ್ತು.